ಊರಿಂದ ಬಂದ ಮೇಲೆ ಕೆಲಸಕ್ಕೆ ಮನಸ್ಸೇ ಕೂರುತ್ತಿಲ್ಲ, ನಿಮಗೂ ಹೀಗಾಗುತ್ತಾ?

ಸಾಗರದ ಹುಡುಗಿ
ಜನವರಿ 8, 2026, ಗುರುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನಮ್ಮ ಮನೆ ಇರುವುದು ಸಾಗರದಿಂದ ಒಳಗೆ, ಒಂದು ಸಣ್ಣ ಹಳ್ಳಿಯಲ್ಲಿ. ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಪೀಣ್ಯದ ಹತ್ತಿರ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಉಳಿದ ರಜೆಗಳನ್ನು ಡಿಸೆಂಬರ್ ಒಳಗೆ ಹಾಕದಿದ್ದರೆ ಹೋಗುತ್ತವೆ ಎಂದರು, ಹಾಗಾಗಿ ಈ ಸಲ 24ಕ್ಕೆ ಊರಿಗೆ ಹೋದವಳು ಜನವರಿ 4ರ ಭಾನುವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿ, ಸೋಮವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಪಿಜಿಗೆ ಹೋಗಿ ಸ್ನಾನ ಮಾಡಿ, ಒಂಬತ್ತೂವರೆಗೆ ಆಫೀಸಿನಲ್ಲಿ ಕೂತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಇಷ್ಟು ದೊಡ್ಡ ರಜೆ ಸಿಕ್ಕಿದ್ದು ಇದೇ ಮೊದಲು.

ಊರಲ್ಲಿ ಈಗ ಅಡಿಕೆ ಕೊಯ್ಲು. ಬೆಳಗ್ಗೆ ಕೊನೆಗಾರ ಬಂದು ಮರ ಹತ್ತಿದರೆ ಮಧ್ಯಾಹ್ನದೊಳಗೆ ಅಂಗಳದಲ್ಲಿ ಹಸಿ ಅಡಿಕೆಯ ರಾಶಿ. ಅದನ್ನು ಹಾಗೇ ಬಿಡುವಂತಿಲ್ಲ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯ ಹೆಂಗಸರು ಮೆಟ್ಟುಗತ್ತಿ ಹಿಡಿದು ಬರುತ್ತಾರೆ, ಹನ್ನೊಂದರವರೆಗೂ ಸುಲಿತ. ನಾನೂ ಅವರ ಜೊತೆ ಕೂರುತ್ತಿದ್ದೆ. ಯಾರ ಮನೆಯಲ್ಲಿ ಏನಾಯಿತು, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು, ಯಾವ ತೋಟಕ್ಕೆ ಮಂಗ ಬಂತು, ಮಾತು ಮುಗಿಯುತ್ತಲೇ ಇರಲಿಲ್ಲ. ಬೆಳಗ್ಗೆ ಅಪ್ಪ ಹಂಡೆಯಲ್ಲಿ ಬೇಯಿಸುವಾಗ ಬರುವ ಚೊಗರಿನ (ಅಡಿಕೆ ಬೆಂದ ಒಗರು ನೀರಿನ) ವಾಸನೆಗೆ ನನಗೆ ಎಚ್ಚರವಾಗುತ್ತಿತ್ತು. ಅಲಾರಂ ಒಂದು ದಿನವೂ ಇಟ್ಟಿಲ್ಲ. ಈಗ ಇದನ್ನು ಟೈಪ್ ಮಾಡುತ್ತಿರುವ ಬೆರಳುಗಳಲ್ಲಿ ಆ ಕಪ್ಪು ಕಲೆ ಇನ್ನೂ ಹೋಗಿಲ್ಲ. ನಿಜ ಹೇಳಬೇಕೆಂದರೆ ಹೋಗುವುದು ಬೇಡ ಅನ್ನಿಸುತ್ತಿದೆ.

ಬಂದು ನಾಲ್ಕು ದಿನವಾಯಿತು. ಕಂಪ್ಯೂಟರ್ ಮುಂದೆ ಕೂತರೆ ಎದೆ ಮೇಲೆ ಏನೋ ಇಟ್ಟ ಹಾಗೆ. 300ಕ್ಕೂ ಜಾಸ್ತಿ ಮೇಲ್ ಇತ್ತು. 7ಕ್ಕೆ ಟಿಡಿಎಸ್ (ಸಂಬಳ, ಬಿಲ್ಲುಗಳಲ್ಲಿ ಮೊದಲೇ ಹಿಡಿದ ತೆರಿಗೆ) ಕಟ್ಟಬೇಕಿತ್ತು, ಕಟ್ಟಿದೆ, ಆದರೆ ಒಂದೇ ಚಲನ್ ಅನ್ನು ಮೂರು ಸಲ ನೋಡಿದೆ. ಇದರ ಮಧ್ಯೆ ಇಡೀ ಆಫೀಸಿನವರ ತೆರಿಗೆ ವಿನಾಯಿತಿಯ ಇನ್ವೆಸ್ಟ್‌ಮೆಂಟ್ ಪ್ರೂಫ್‌ಗಳು ಬರಲು ಶುರುವಾಗಿವೆ. ಕೆಲಸ ಗೊತ್ತಿಲ್ಲ ಅಂತಲ್ಲ, ಮಾಡುವ ಮನಸ್ಸಿಲ್ಲ. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರುವುದಿಲ್ಲ, ಬೆಳಗ್ಗೆ ಏಳಲು ಆಗುವುದಿಲ್ಲ. ನಿನ್ನೆ ಊಟದ ಹೊತ್ತಿಗೆ ಡಬ್ಬಿ ತೆಗೆದಾಗ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ನೋಡಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ಏನಾಯಿತು ಎಂದು ಕೇಳಿದರು, ಹೇಳಲು ಏನೂ ಇರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ತಾನಾಗಿ ಕಳೆಯುತ್ತದಾ? ಅಥವಾ ಬಿಟ್ಟು ಊರಿಗೆ ಹೋಗು ಎಂದು ಮನಸ್ಸು ಹೇಳುತ್ತಿದೆಯಾ? ರಾಜೀನಾಮೆಯ ಮೇಲ್ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ಕಳಿಸಿಲ್ಲ.


ಲೆಕ್ಕಪತ್ರ
ಜನವರಿ 8, ರಾತ್ರಿ 11:25

ಮೇಡಂ, ಮೊದಲು ಆ ಡ್ರಾಫ್ಟ್ ಕಳಿಸಬೇಡಿ. ಅಳಿಸಲೂ ಬೇಡಿ. ಅಲ್ಲೇ ಇರಲಿ.

ನಾನೂ ಅಕೌಂಟ್ಸ್‌ನವನೇ, 17 ವರ್ಷವಾಯಿತು. ನಮ್ಮ ಕೆಲಸದಲ್ಲಿ ಜನವರಿ ಎಲ್ಲರಿಗಿಂತ ಕೆಟ್ಟದಾಗಿ ಶುರುವಾಗುತ್ತದೆ. ಬೇರೆ ವಿಭಾಗದವರು ಹೊಸ ಡೈರಿ ತೆಗೆದುಕೊಂಡು ನಿಧಾನಕ್ಕೆ ಶುರು ಮಾಡುತ್ತಾರೆ. ನಮಗೆ ಮೂರು ತಿಂಗಳ ಲೆಕ್ಕ ಮುಗಿಸುವುದು, ತಿಂಗಳ ಲೆಕ್ಕ, ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಅಂಥ ವಾರಕ್ಕೆ ನೀವು ರೈಲಿನಿಂದ ಇಳಿದು ನೇರ ಬಂದು ಕೂತಿದ್ದೀರಿ. ರೈಲಿನಲ್ಲಿ ನಿದ್ದೆ ಎಷ್ಟು ಬಂದಿರುತ್ತದೆ ಎಂದು ನನಗೆ ಗೊತ್ತು, ಅರಸೀಕೆರೆಯಲ್ಲಿ ಒಮ್ಮೆ ಎಚ್ಚರ, ತುಮಕೂರಿನಲ್ಲಿ ಇನ್ನೊಮ್ಮೆ, ಆಮೇಲೆ ಇಳಿಯುವ ಸ್ಟೇಷನ್ ತಪ್ಪೀತು ಎಂದು ಕೂತೇ ಇರುವುದು. ಆ ಸೋಮವಾರ ಯಾರಿಗಾದರೂ ಭಾರವೇ. ಮುಂದಿನ ಸಲ ಶನಿವಾರ ರಾತ್ರಿಯೇ ಹೊರಡಿ. ಊರಲ್ಲಿ ಒಂದು ದಿನ ಕಡಿಮೆಯಾದರೂ ಪರವಾಗಿಲ್ಲ. ಬಟ್ಟೆ ಒಗೆದು, ತರಕಾರಿ ತಂದು, ಮಧ್ಯಾಹ್ನ ಮಲಗಿ ಎದ್ದರೆ ಸೋಮವಾರ ಬೇರೆಯೇ ಇರುತ್ತದೆ. ನಾನು ಇದನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡೆ.

ಈಗ ಮೇಲ್ ವಿಷಯ. 300 ಮೇಲ್ ಅನ್ನು ಹಳೆಯದರಿಂದ ಓದಲು ಹೋಗಬೇಡಿ. ಹೊಸದರಿಂದ ಹಿಂದಕ್ಕೆ ಹೋಗಿ. ಡಿಸೆಂಬರ್ 26ಕ್ಕೆ ಯಾರೋ ಕೇಳಿದ್ದಕ್ಕೆ 29ಕ್ಕೆ ಇನ್ಯಾರೋ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಅರ್ಧಕ್ಕರ್ಧ ಹಾಗೇ ಬಿದ್ದು ಹೋಗುತ್ತದೆ.

ಆಮೇಲೆ ಒಂದು ಕಾಗದದ ಮೇಲೆ ಮೂರೇ ತಾರೀಖು ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಜಿಎಸ್‌ಟಿಆರ್ 1ಕ್ಕೆ, ಅಂದರೆ ಮಾರಾಟದ ಜಿಎಸ್‌ಟಿ ಲೆಕ್ಕಕ್ಕೆ, 11. ಈ ಸಲ ಅದು ಭಾನುವಾರ ಬಂದಿದೆ, ಹಾಗಾಗಿ ನಿಮಗೆ ಶನಿವಾರವೇ ಕೊನೆ ಎಂದುಕೊಳ್ಳಿ. ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿಗೆ 20. ಟಿಡಿಎಸ್ ರಿಟರ್ನ್‌ಗೆ 31. ಇನ್ವೆಸ್ಟ್‌ಮೆಂಟ್ ಪ್ರೂಫ್‌ಗಳನ್ನು ಬಂದ ಬಂದ ಹಾಗೆ ನೋಡಬೇಡಿ, ಇಡೀ ದಿನ ಅದೇ ಆಗುತ್ತದೆ. ದಿನಕ್ಕೆ ಒಂದು ಗಂಟೆ, ಮಧ್ಯಾಹ್ನ ಮೂರರಿಂದ ನಾಲ್ಕು ಎಂದು ಎಲ್ಲರಿಗೂ ಹೇಳಿಬಿಡಿ. ಜನ ಒಪ್ಪುತ್ತಾರೆ.

ಮನಸ್ಸಿನ ವಿಷಯ ನನಗೆ ಜಾಸ್ತಿ ಹೇಳಲು ಬರುವುದಿಲ್ಲ, ಬೇರೆಯವರು ಹೇಳಲಿ. ಆದರೆ 20 ಕಳೆಯುವವರೆಗೆ ಯಾವ ನಿರ್ಧಾರವೂ ಬೇಡ.


ಮಾಗಡಿ ರೋಡ್
ಜನವರಿ 9, ಬೆಳಗ್ಗೆ 6:50

ಅಡಿಕೆ ಸುಲಿಯಲು ಇಲ್ಲಿ ಸಿಗುವುದಿಲ್ಲ, ಆದರೆ ಅವರೆಕಾಯಿ ಸಿಗುತ್ತದೆ ಅಲ್ವಾ. ಈಗ ಸೊಗಡಿನ ಅವರೆ ಬರುತ್ತಿದೆ. ಎರಡು ಕೆಜಿ ತಂದು, ಕಾಳು ಬಿಡಿಸಿ, ರಾತ್ರಿ ನೆನೆಹಾಕಿ, ಮರುದಿನ ಪಿಜಿಯಲ್ಲಿರುವವರನ್ನೆಲ್ಲ ಕೂರಿಸಿಕೊಂಡು ಹಿದುಕಿ. ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ನಾನು ಮೂವರು ಕೂತರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ಒಮ್ಮೆ ಮಾಡಿ ನೋಡಿ.


ನೈಟ್ ಡ್ಯೂಟಿ
ಜನವರಿ 9, ಬೆಳಗ್ಗೆ 8:15

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಾನು ನರ್ಸ್. ನಮಗೆ ಕ್ರಿಸ್‌ಮಸ್, ಹೊಸ ವರ್ಷ ಯಾವುದಕ್ಕೂ ರಜೆ ಸಿಗಲಿಲ್ಲ, ಡಿಸೆಂಬರ್ 31ರ ರಾತ್ರಿಯಂತೂ ಕೂರಲೂ ಆಗಲಿಲ್ಲ. ಆದರೂ ನೀವು ಹೇಳುತ್ತಿರುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ಪಾಳಿ ಬದಲಾದಾಗಲೆಲ್ಲ ನನ್ನ ಮೈಗೆ ಇದೇ ಆಗುತ್ತದೆ.

ನಿಮ್ಮ ನಿದ್ದೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಊರಲ್ಲಿ ಹನ್ನೊಂದಕ್ಕೆ ಮಲಗಿ ಬೆಳಕು ಹರಿಯುವಾಗ ಎದ್ದಿದ್ದೀರಿ, ಹಗಲೆಲ್ಲ ಅಂಗಳದಲ್ಲಿ, ತೋಟದಲ್ಲಿ ಬೆಳಕಿನಲ್ಲಿ ಇದ್ದಿರಿ, ಮೈ ದಣಿದಿತ್ತು. ಇಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಂಟು ಒಂಬತ್ತು ಗಂಟೆ, ಆಮೇಲೆ ಹಾಸಿಗೆಯಲ್ಲಿ ಮೊಬೈಲ್. ಮೈ ಒಳಗಿನ ಗಡಿಯಾರಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುವುದೇ ಬೆಳಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ಬೇಗ ಬರುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಅತಿ ಚಿಕ್ಕ ಹಗಲು ಡಿಸೆಂಬರ್ 21, 22ರ ಹೊತ್ತಿಗೆ ಮುಗಿದಿರುತ್ತದೆ ನಿಜ, ಆದರೆ ನಮ್ಮ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ, ಸುಮಾರು 6:45ಕ್ಕೆ. ಅಂದರೆ ರಜೆ ಮುಗಿಸಿ ಬಂದವರಿಗೆ ಬೆಳಗಿನ ಕತ್ತಲು ಇನ್ನೂ ಸ್ವಲ್ಪ ಜಾಸ್ತಿಯಾಗುತ್ತಲೇ ಇರುತ್ತದೆ. ಜೊತೆಗೆ ಚಳಿ. ಏಳಲು ಆಗದಿದ್ದರೆ ಅದು ಸೋಮಾರಿತನ ಅಲ್ಲ.

ಏಳು ಗಂಟೆಗೆ ಎದ್ದು, ಮುಖ ತೊಳೆದು, ಟೆರೇಸಿನ ಮೇಲೋ ರಸ್ತೆಯಲ್ಲೋ ಅರ್ಧ ಗಂಟೆ ನಡೆಯಿರಿ. ಕಾಫಿಯನ್ನು ಅಲ್ಲೇ ಕುಡಿಯಿರಿ. ಸಂಜೆ ಐದಕ್ಕೆ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಈ ವಾರ ಬಿಡಿ, ಅದರಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ. ಭಾನುವಾರ ಹತ್ತರವರೆಗೆ ಮಲಗಿ ನಿದ್ದೆ ತುಂಬಿಸಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ, ಸೋಮವಾರ ಮತ್ತೆ ಮೊದಲಿಂದ ಶುರುವಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇನ್ನೂ ಎರಡು ವಾರ ಕಳೆದ ಮೇಲೂ ದಿನವಿಡೀ ಅಳು ಬರುವುದು, ಊಟ ಸೇರದಿರುವುದು, ಯಾವುದೂ ಬೇಡ ಅನ್ನಿಸುವುದು ಹೀಗೆಲ್ಲ ಇದ್ದರೆ ಅದನ್ನು ರಜೆಯ ಬೇಸರ ಎಂದು ಬಿಡಬೇಡಿ. ಡಾಕ್ಟರ್ ಹತ್ತಿರ ಹೋಗಿ. ಟೆಲಿ ಮಾನಸ್ ಎಂದು ಸರ್ಕಾರದ ಫೋನ್ ಸೇವೆ ಇದೆ, 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಾತಾಡಲು ಸಂಕೋಚ ಬೇಡ.

ನಾನು ಮಲಗುತ್ತೇನೆ. ಸಂಜೆ ಬಂದು ನೋಡುತ್ತೇನೆ.


ಸ್ಟಾಕ್‌ಹೋಮ್‌ನಿಂದ
ಜನವರಿ 9, ಮಧ್ಯಾಹ್ನ 4:30

ಇಲ್ಲಿ ಈಗ ಮಧ್ಯಾಹ್ನ ಹನ್ನೆರಡು. ನನ್ನ ಊಟದ ಬಿಡುವು. ನಿಮ್ಮ ಬೆರಳಿನ ಕಲೆಯ ಮಾತು ಓದಿ ಬರೆಯದೆ ಇರಲು ಆಗಲಿಲ್ಲ, ನಾನು ತೀರ್ಥಹಳ್ಳಿ ಕಡೆಯವಳು.

ಇಲ್ಲಿಗೆ ಬಂದು ಏಳನೇ ಚಳಿಗಾಲ. ಈ ದಿನಗಳಲ್ಲಿ ಸೂರ್ಯ ಹುಟ್ಟುವುದು ಸುಮಾರು 8:40ಕ್ಕೆ, ಮುಳುಗುವುದು ಮೂರು ಕಳೆದ ಸ್ವಲ್ಪ ಹೊತ್ತಿಗೆ. ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಮೊದಲ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬಂದು, ಜನವರಿ ಮೊದಲ ವಾರ ಇಲ್ಲಿ ಬಂದು ಇಳಿದಾಗ, ಒಂದು ವಾರ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಇಲ್ಲಿನ ಜನ ಇದನ್ನು ಹೇಗೆ ದಾಟುತ್ತಾರೆ ಎಂದು ನೋಡುತ್ತಾ ಬಂದಿದ್ದೇನೆ. ಒಂದೇ ಏಟಿಗೆ ಹಬ್ಬ ಮುಗಿಸಿ ಕೆಲಸಕ್ಕೆ ಹೋಗುವುದಿಲ್ಲ ಇವರು. ಜನವರಿ 6 ಇಲ್ಲಿ ಸರ್ಕಾರಿ ರಜೆ. ಈ ವರ್ಷ ಅದು ಮಂಗಳವಾರ ಬಂತು, ಮಧ್ಯೆ ಸಿಕ್ಕಿಕೊಂಡ ಸೋಮವಾರಕ್ಕೆ ಕ್ಲೆಮ್‌ದಾಗ್ ಎನ್ನುತ್ತಾರೆ, ಜಾಸ್ತಿ ಜನ ಅವತ್ತೂ ರಜೆ ಹಾಕಿ ಬುಧವಾರ ಬಂದರು. ಕಿಟಕಿಯಲ್ಲಿ ಇಟ್ಟ ದೀಪಗಳು, ಕಾಗದದ ನಕ್ಷತ್ರಗಳು ಇನ್ನೂ ಉರಿಯುತ್ತಿವೆ. ಅವನ್ನು ತೆಗೆಯುವುದು 13ಕ್ಕೆ, ಕ್ನೂಟ್‌ನ ದಿನ. ಅವತ್ತು ಮಕ್ಕಳೆಲ್ಲ ಸೇರಿ ಕ್ರಿಸ್‌ಮಸ್ ಮರದ ಸುತ್ತ ಕುಣಿದು, ಅದರಲ್ಲಿ ಉಳಿದ ಮಿಠಾಯಿ ತಿಂದು, ಮರವನ್ನು ಹೊರಗೆ ಹಾಕುತ್ತಾರೆ. ಕೆಲಸ ಶುರುವಾಗಿ ಒಂದು ವಾರವಾದ ಮೇಲೆ ಹಬ್ಬ ಮುಗಿಯುತ್ತದೆ, ನೋಡಿ. ನನಗೆ ಇದು ತುಂಬ ಇಷ್ಟ. ನೀವು ಊರನ್ನು ಭಾನುವಾರ ರಾತ್ರಿ ರೈಲಿನ ಬಾಗಿಲಲ್ಲೇ ಬಿಟ್ಟು ಬಂದಿರಿ ಅನ್ನಿಸುತ್ತದೆ. ನಮಗೆ ಸಂಕ್ರಾಂತಿ 15ಕ್ಕೆ ಇದೆಯಲ್ಲ, ಅಲ್ಲಿಯವರೆಗೂ ಹಬ್ಬ ಮುಗಿದಿಲ್ಲ ಎಂದುಕೊಳ್ಳಿ.

ಮಧ್ಯಾಹ್ನದ ಊಟ ಆದ ಕೂಡಲೇ ಇಲ್ಲಿ ಎಷ್ಟು ಚಳಿ ಇದ್ದರೂ ಜನ ಹೊರಗೆ ನಡೆಯಲು ಹೋಗುತ್ತಾರೆ, ಬೆಳಕು ಇರುವುದೇ ಆಗ. ನಾನೂ ಈಗ ಹೊರಡಬೇಕು. ದಿನಕ್ಕೆ ಎರಡು ಸಲ ಫೀಕಾ ಎಂದು ಎಲ್ಲರೂ ಎದ್ದು ಬಂದು ಕಾಫಿ ಕುಡಿಯುತ್ತಾರೆ, ಕೂತಲ್ಲೇ ತರಿಸಿಕೊಳ್ಳುವುದಲ್ಲ, ಎದ್ದು ಬರಬೇಕು. ನಮ್ಮ ಆಫೀಸಿನಲ್ಲಿ ಜನವರಿಯ ಫೀಕಾದಲ್ಲೇ ಬೇಸಿಗೆ ರಜೆಯ ಮಾತು ಶುರುವಾಗುತ್ತದೆ. ಯಾರು ಜುಲೈನಲ್ಲಿ ಯಾವ ವಾರ ಹೋಗುತ್ತಾರೆ ಎಂದು ಈಗಲೇ ಗೋಡೆಯ ಮೇಲೆ ಬರೆಯುತ್ತಾರೆ. ಮೊದಲು ನನಗೆ ವಿಚಿತ್ರ ಅನ್ನಿಸಿತ್ತು. ಈಗ ನಾನೇ ಮೊದಲು ಬರೆಯುತ್ತೇನೆ, ಕಣ್ಣೆದುರು ಒಂದು ತಾರೀಖು ಇದ್ದರೆ ಈ ಕತ್ತಲೆ ತಡೆದುಕೊಳ್ಳಬಹುದು.

ನೀವೂ ಮುಂದಿನ ಟಿಕೆಟ್ ಈಗಲೇ ಮಾಡಿ. ಈ ಸಲ ಯುಗಾದಿ ಮಾರ್ಚ್ 19, ಗುರುವಾರ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. 18ರ ರಾತ್ರಿ ಹೊರಡುವುದಾದರೆ ಜನವರಿ 17ರ ಬೆಳಗ್ಗೆ 8ಕ್ಕೆ ಕೂತಿರಬೇಕು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ.


ತುಂಗೆ ದಡ
ಜನವರಿ 9, ರಾತ್ರಿ 9:10

ಎಲ್ಲರೂ ಕಳೆಯುತ್ತದೆ ಎಂದೇ ಹೇಳುತ್ತಿದ್ದಾರೆ. ನನಗೆ ಕಳೆಯಲಿಲ್ಲ. ಅದನ್ನೂ ಯಾರಾದರೂ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದೆ. ಪ್ರತಿ ಜನವರಿಯೂ ಇದೇ. ಒಂದು ವರ್ಷ ನನ್ನ ಹೆಂಡತಿ ಹೇಳಿದಳು, ದಿನಾ ರಾತ್ರಿ ಇವತ್ತು ಯಾವುದು ಸಹಿಸಲು ಆಗಲಿಲ್ಲ ಎಂದು ಒಂದೇ ಸಾಲು ಬರೆದಿಡಿ, ಯುಗಾದಿಯವರೆಗೆ ಬರೆಯಿರಿ, ಆಮೇಲೆ ಮಾತಾಡೋಣ ಎಂದು. ಬರೆದೆ. ಮಾರ್ಚ್ ಕೊನೆಗೆ ಇಬ್ಬರೂ ಕೂತು ಓದಿದೆವು. ಕೆಲಸದ ಬಗ್ಗೆ ಹೆಚ್ಚೆಂದರೆ ಹತ್ತು ಸಾಲು ಇತ್ತು. ಉಳಿದದ್ದೆಲ್ಲ ರಸ್ತೆ. ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟು ಹೊತ್ತು, ಮನೆಗೆ ಬರುವಾಗ ಎಷ್ಟು ಗಂಟೆ, ಮಗಳು ಮಲಗಿಬಿಟ್ಟಿದ್ದಳು. ಮಗಳು ಮಲಗಿಬಿಟ್ಟಿದ್ದಳು ಎಂಬ ಸಾಲೇ ಎಷ್ಟು ಸಲ ಇತ್ತೋ. ಓದುತ್ತಾ ಓದುತ್ತಾ ನಾನು ಪುಸ್ತಕ ಮುಚ್ಚಿದೆ.

ಆಮೇಲೆ ಎಂಟು ತಿಂಗಳು ಹುಡುಕಿ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ಸಂಬಳ ಮೂರನೇ ಒಂದು ಭಾಗ ಕಡಿಮೆಯಾಯಿತು. ಇದನ್ನು ಸುಲಭ ಎಂದು ಹೇಳಲಾರೆ, ಎರಡು ವರ್ಷ ಲೆಕ್ಕ ಹಾಕಿ ಹಾಕಿ ಬದುಕಿದೆವು. ಅಲ್ಲಿದ್ದ ಕೆಲಸದ ಮಟ್ಟ ಇಲ್ಲಿಲ್ಲ, ಅದು ಈಗಲೂ ಬೇಸರವೇ. ಆದರೆ ಆರೂವರೆಗೆ ಮನೆಯಲ್ಲಿರುತ್ತೇನೆ.

ಆ ಭಾರ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ಯಾವುದರ ಭಾರ ಎಂದು ಮೊದಲು ನೋಡಿ. ಜನವರಿಯಲ್ಲಿ ಎಲ್ಲ ಒಟ್ಟಿಗೆ ಸೇರಿಕೊಂಡಿರುತ್ತದೆ, ಬಿಡಿಸಿ ನೋಡಲು ಆಗುವುದಿಲ್ಲ. ಬರೆದಿಡಿ.


ಸಾಗರದ ಹುಡುಗಿ
ಜನವರಿ 10, ಶನಿವಾರ, ಮಧ್ಯಾಹ್ನ 2:20

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ.

ಲೆಕ್ಕಪತ್ರ ಸರ್, ಜಿಎಸ್‌ಟಿಆರ್ 1 ಈಗ ಸಲ್ಲಿಸಿ ಬಂದೆ. ಹೊಸದರಿಂದ ಹಿಂದಕ್ಕೆ ಓದುವ ಉಪಾಯ ಬಹಳ ಉಪಯೋಗಕ್ಕೆ ಬಂತು, 300ರಲ್ಲಿ ಉತ್ತರ ಕೊಡಬೇಕಾದ್ದು 41 ಮಾತ್ರ ಉಳಿಯಿತು. ನೈಟ್ ಡ್ಯೂಟಿ ಅಕ್ಕ, ಇವತ್ತು ಬೆಳಗ್ಗೆ ಟೆರೇಸಿಗೆ ಹೋಗಿದ್ದೆ, ತುಂಬ ಮಂಜು ಇತ್ತು, ಆದರೂ ಅರ್ಧ ಗಂಟೆ ನಡೆದೆ.

ತುಂಗೆ ದಡ ಅಣ್ಣ, ನಿಮ್ಮದನ್ನು ಎರಡು ಸಲ ಓದಿದೆ. ನಿನ್ನೆ ರಾತ್ರಿ ಮೊದಲ ಸಾಲು ಬರೆದೆ. ಏನು ಬರೆದೆ ಎಂದರೆ, ಇವತ್ತು ಬೆಳಗ್ಗೆಯಿಂದ ಸಂಜೆವರೆಗೆ ಕೆಲಸದ ಮಾತು ಬಿಟ್ಟು ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಬರೆದ ಮೇಲೆ ನನಗೇ ಆಶ್ಚರ್ಯವಾಯಿತು. ಅಡಿಕೆ, ತೋಟ, ಅಪ್ಪ ಅಮ್ಮ ಹೀಗೆ ಏನಾದರೂ ಬರೆಯುತ್ತೇನೆ ಎಂದುಕೊಂಡಿದ್ದೆ. ಊರಲ್ಲೂ ಬೆಳಗ್ಗೆಯಿಂದ ಕೆಲಸವೇ ಮಾಡಿದ್ದು, ಸೊಂಟ ನೋಯುತ್ತಿತ್ತು. ಆದರೆ ಯಾವ ಕೆಲಸವನ್ನೂ ಒಬ್ಬಳೇ ಮಾಡಿರಲಿಲ್ಲ. ರಾತ್ರಿ ಎಷ್ಟು ಸುಲಿದೆವು ಎಂದು ಬುಟ್ಟಿ ನೋಡಿದರೆ ಗೊತ್ತಾಗುತ್ತಿತ್ತು. ಇಲ್ಲಿ ದಿನ ಮುಗಿದಾಗ ಏನು ಮುಗಿಯಿತು ಎಂದೇ ಗೊತ್ತಾಗುವುದಿಲ್ಲ.

ಆದರೂ ಊರಿಗೆ ಹೋಗಿ ತೋಟ ನೋಡಿಕೊಳ್ಳಬೇಕು ಎಂಬ ಆಸೆ ಹೋಗಿಲ್ಲ. ಅಪ್ಪನಿಗೆ 63 ಆಯಿತು. ಅವರ ಹತ್ತಿರ ಇದನ್ನು ಹೇಳಲು ಧೈರ್ಯ ಬರುತ್ತಿಲ್ಲ.


ಹಿತ್ತಿಲ ತೋಟ
ಜನವರಿ 10, ರಾತ್ರಿ 8:05

ತಂಗಿ, ನಾನು ನಿಮ್ಮ ಅಪ್ಪನ ವಯಸ್ಸಿನವನೇ. ಹೊಸನಗರ ತಾಲ್ಲೂಕು, ಮೂರು ಎಕರೆ ಅಡಿಕೆ. ಮಗ ಬೆಂಗಳೂರಿನಲ್ಲಿದ್ದಾನೆ, ಅವನೂ ಭಾನುವಾರವೇ ಹೋದ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಕಡೆಯ ಮಾತು ಹೇಳುತ್ತೇನೆ. ಮಕ್ಕಳು ಹೋದ ಮರುದಿನ ನಮಗೂ ಹೀಗೇ ಇರುತ್ತದೆ. ಸೋಮವಾರ ಬೆಳಗ್ಗೆ ನನ್ನ ಹೆಂಡತಿ ಎಂಟು ದೋಸೆ ಜಾಸ್ತಿ ಹೊಯ್ದಳು, ಲೆಕ್ಕ ತಪ್ಪಿ. ಇಬ್ಬರೂ ಏನೂ ಮಾತಾಡದೆ ತಿಂದೆವು. ನೀವು ಒಬ್ಬರೇ ಆ ಭಾರ ಹೊತ್ತುಕೊಂಡಿದ್ದೀರಿ ಎಂದುಕೊಳ್ಳಬೇಡಿ.

ತೋಟಕ್ಕೆ ಬರಬೇಕು ಎಂಬ ಆಸೆ ಒಳ್ಳೆಯದು. ಬೇಡ ಎನ್ನುವವನು ನಾನಲ್ಲ, ತೋಟ ನೋಡುವವರಿಲ್ಲದೆ ಎಷ್ಟೋ ಮನೆಗಳು ಬೀಗ ಹಾಕಿರುವುದನ್ನು ದಿನಾ ನೋಡುತ್ತೇನೆ. ಆದರೆ ನೀವು ನೋಡಿ ಹೋದದ್ದು ಕೊಯ್ಲಿನ ದಿನ. ಮನೆ ತುಂಬ ಜನ, ಬಿಸಿಲು, ಕೈಗೆ ಫಸಲು. ಜುಲೈನಲ್ಲಿ ಹತ್ತು ದಿನ ರಜೆ ಹಾಕಿ ಬನ್ನಿ. ಮಳೆ ಬಿಡುವುದೇ ಇಲ್ಲ, ಆ ಮಳೆಯ ಮಧ್ಯೆ ಒಂದು ಗಂಟೆ ಹೊಳವಾದರೆ ಸಾಕು ಎಂದು ಕಾದು ಕೂತು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಬೇಕು. ಔಷಧಿ ತಯಾರಿಟ್ಟ ದಿನ ಹೊಡೆಯುವವನು ಬರುವುದಿಲ್ಲ, ಅವನು ಬಂದ ದಿನ ಮಳೆ ನಿಲ್ಲುವುದಿಲ್ಲ. ತಡವಾದರೆ ಕಾಯಿ ಉದುರಿ ಮರದ ಬುಡದಲ್ಲಿ ಬಿದ್ದಿರುತ್ತದೆ. ಈಗ ಕೆಲವು ವರ್ಷದಿಂದ ಎಲೆಚುಕ್ಕೆ ರೋಗ ಬೇರೆ. ನಮ್ಮ ಮೇಲಿನ ತೋಟದಲ್ಲಿ ಎಲೆ ಹಳದಿಯಾಗಿ ಒಣಗಿದ್ದನ್ನು ನೋಡಿದಾಗ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ.

ಹೆದರಿಸಲು ಬರೆಯುತ್ತಿಲ್ಲ. ಅದನ್ನೂ ನೋಡಿ, ಅದೂ ಬೇಕು ಅನ್ನಿಸಿದರೆ ಆಮೇಲೆ ಅಪ್ಪನ ಹತ್ತಿರ ಕೂತು ಮಾತಾಡಿ. ನನ್ನ ಮಗ ಹಾಗೆ ಮಳೆಗಾಲ ನೋಡಿ, ಇನ್ನೂ ಐದು ವರ್ಷ ಬೇಕು ಅಪ್ಪ ಎಂದ. ನನಗೆ ಸಮಾಧಾನವಾಯಿತು. ಸುಳ್ಳು ಹೇಳದೆ ಹೇಳಿದನಲ್ಲ.

ಅಪ್ಪನಿಗೆ ಹೇಳಲು ಧೈರ್ಯ ಬೇಕಿಲ್ಲ. ಫೋನ್ ಮಾಡಿ ಇವತ್ತು ಎಷ್ಟು ಬೇಯಿಸಿದಿರಿ, ಅಟ್ಟದಲ್ಲಿ ಎಷ್ಟು ಒಣಗಿದೆ ಎಂದು ಕೇಳಿ. ಊಟ ಆಯಿತಾ, ಆರಾಮಾ ಎಂದು ಕೇಳಿದರೆ ನಾವು ಆರಾಮು ಎಂದು ಹೇಳಿ ಅಮ್ಮನ ಕೈಗೆ ಫೋನ್ ಕೊಡುತ್ತೇವೆ. ಅಡಿಕೆ ಕೇಳಿದರೆ ಅರ್ಧ ಗಂಟೆ ಮಾತಾಡುತ್ತೇವೆ.


ನೈಟ್ ಡ್ಯೂಟಿ
ಜನವರಿ 10, ರಾತ್ರಿ 8:40

ಹಿತ್ತಿಲ ತೋಟ ಅಣ್ಣ, ಡ್ಯೂಟಿಗೆ ಹೋಗುವ ಮೊದಲು ನಿಮ್ಮದನ್ನು ಓದಿ ಈಗ ನಮ್ಮ ಅಪ್ಪನಿಗೆ ಫೋನ್ ಮಾಡಿದೆ. ಅವರದು ರಾಗಿ ಹೊಲ. ನೀವು ಹೇಳಿದ ಹಾಗೇ ಆಯಿತು.


ಸಾಗರದ ಹುಡುಗಿ
ಜನವರಿ 18, ಭಾನುವಾರ, ಸಂಜೆ 6:30

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆ ಉತ್ತರ ಕೊಡಬೇಕು ಅನ್ನಿಸಿತು.

ಸಂಕ್ರಾಂತಿಗೆ ಊರಿಗೆ ಹೋಗಲಿಲ್ಲ. 16ಕ್ಕೆ ರಜೆ ಕೇಳಿದೆ, ಈಗಷ್ಟೇ ಬಂದಿದ್ದೀರಿ ಎಂದರು, ಅದೂ ಸರಿಯೇ. 14ರ ಸಂಜೆ ದಾರಿಯಲ್ಲಿ ಮೂರು ಕೆಜಿ ಅವರೆಕಾಯಿ ತಂದೆ. ಪಿಜಿಯಲ್ಲಿ ನಾವು ಒಂಬತ್ತು ಜನ ಇದ್ದೇವೆ. ಒಂದೇ ಮಹಡಿಯಲ್ಲಿ ಇದ್ದೂ ಇಬ್ಬರ ಹೆಸರು ನನಗೆ ಗೊತ್ತಿರಲಿಲ್ಲ. ಹಾಲಿನಲ್ಲಿ ಪೇಪರ್ ಹಾಸಿ ಕಾಯಿ ಬಿಡಿಸಲು ಕೂತಾಗ ಮೊದಲು ಒಬ್ಬಳು ಬಂದಳು, ಆಮೇಲೆ ಅವಳ ಜೊತೆಯವಳು, ಹತ್ತು ಗಂಟೆಯ ಹೊತ್ತಿಗೆ ಆರು ಜನ. ಬಿಡಿಸಿ ನೆನೆಹಾಕಿದೆವು. ಮರುದಿನ ಬೆಳಗ್ಗೆ ಎಲ್ಲರೂ ಸೇರಿ ಹಿದುಕಿದೆವು. ಒಬ್ಬಳು ರಾಯಚೂರಿನವಳು, ಅವಳಿಗೆ ಹಿದುಕಿದ ಬೇಳೆ ಗೊತ್ತೇ ಇರಲಿಲ್ಲ, ಅವಳ ಕೈಯೇ ಎಲ್ಲರಿಗಿಂತ ಬೇಗ ಓಡುತ್ತಿತ್ತು. ಅವಳು ಜೋಳದ ರೊಟ್ಟಿ ಮಾಡಿದಳು. ಬೇಳೆ ಸಾರಿಗೆ ರೊಟ್ಟಿ ಅದ್ದಿಕೊಂಡು ತಿಂದೆವು. ಆಮೇಲೆ ಎಳ್ಳು ಬೆಲ್ಲ ಹಂಚಿಕೊಂಡೆವು. ಮಾಗಡಿ ರೋಡ್ ಅವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅಪ್ಪನಿಗೆ ಮೂರು ಸಲ ಫೋನ್ ಮಾಡಿದೆ, ಅಡಿಕೆಯ ಬಗ್ಗೆ ಕೇಳಿದೆ. ಮೊದಲ ಸಲ 40 ನಿಮಿಷ. ಜುಲೈನಲ್ಲಿ ಹತ್ತು ದಿನ ಬರುತ್ತೇನೆ, ಔಷಧಿ ಹೊಡೆಯುವಾಗ ಇರುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗ ಜಿಗಣೆ ಇರುತ್ತದೆ, ಕಾಲಿಗೆ ಹಚ್ಚಲು ಸುಣ್ಣ, ಹೊಗೆಸೊಪ್ಪು ತೆಗೆದಿಡುತ್ತೇನೆ ಎಂದರು.

ಪುಸ್ತಕದಲ್ಲಿ ಏಳು ಸಾಲು ಆಗಿದೆ, ಎರಡು ದಿನ ಬರೆಯಲು ಏನೂ ಇರಲಿಲ್ಲ. ಯುಗಾದಿಯವರೆಗೆ ಬರೆಯುತ್ತೇನೆ. ಡ್ರಾಫ್ಟ್ ಇನ್ನೂ ಇದೆ. 3ಬಿ ಮಂಗಳವಾರಕ್ಕೆ ಇದೆ, ಲೆಕ್ಕ ಹೊಂದಿಸಿ ಆಯಿತು. ನಿದ್ದೆ ಹನ್ನೆರಡಕ್ಕೆ ಬರುತ್ತಿದೆ, ಹನ್ನೊಂದಕ್ಕೆ ಇನ್ನೂ ಇಲ್ಲ. ನಿನ್ನೆ ಬೆಳಗ್ಗೆ 8ಕ್ಕೆ ಕೂತು ಮಾರ್ಚ್ 18ರ ಟಿಕೆಟ್ ಮಾಡಿದೆ, ಕೆಳಗಿನ ಬರ್ತ್ ಸಿಕ್ಕಿತು.

ಈಗ ಇನ್ನೊಂದು ಪ್ರಶ್ನೆ. ಪಕ್ಕದ ಊರಲ್ಲಿ ಮುಂದಿನ ತಿಂಗಳು ಆಲೆಮನೆ ಶುರುವಾಗುತ್ತದಂತೆ, ಯುಗಾದಿಗೆ ಹೋದಾಗ ನನಗೆ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ತೆಗೆದಿಡುತ್ತೇನೆ ಎಂದು ಅಮ್ಮ ಹೇಳಿದ್ದಾಳೆ. ಪಿಜಿಯಲ್ಲಿ ಎಲ್ಲರಿಗೂ ಬೇಕಂತೆ, ಐದು ಕೆಜಿಯಾದರೂ ತರಬೇಕು. ಹೋದ ವರ್ಷ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಿದ್ದೆ, ರೈಲಿನಲ್ಲಿ ಮುಚ್ಚಳ ಬಿಟ್ಟುಕೊಂಡು ಬ್ಯಾಗೆಲ್ಲ ಅಂಟಾಯಿತು. ಹೇಗೆ ತರುವುದು?


ಹಿತ್ತಿಲ ತೋಟ
ಜನವರಿ 18, ರಾತ್ರಿ 8:30

ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಿದ್ದಾಗ ತುಂಬಿದರೆ ಮುಚ್ಚಳದಲ್ಲಿ ಬೆವರು ನಿಂತು ಬೆಲ್ಲ ಹುಳಿಯಾಗುತ್ತದೆ. ಹಾಲಿನವರು ಇಟ್ಟುಕೊಳ್ಳುವಂಥ ಸ್ಟೀಲ್ ಕ್ಯಾನ್, ಐದು ಲೀಟರಿನದು, ಸಾಗರದ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಕಂಠದವರೆಗೆ ತುಂಬಬೇಡಿ, ನಾಲ್ಕು ಬೆರಳು ಬಿಡಿ. ಬಾಯಿಗೆ ಬಾಳೆ ಎಲೆ ಮುಚ್ಚಿ, ಅದರ ಮೇಲೆ ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಒತ್ತಿ. ಬರುವಾಗಲೂ ಕೆಳಗಿನ ಬರ್ತ್ ಸಿಕ್ಕಿದರೆ, ತಲೆಯ ಕಡೆ ಸೀಟಿನ ಕೆಳಗೆ ಗೋಡೆಗೆ ಒತ್ತಿ ಇಡಿ, ಪಕ್ಕದಲ್ಲಿ ಬ್ಯಾಗ್ ಇಟ್ಟರೆ ಉರುಳುವುದಿಲ್ಲ. ವಾಪಸ್ ಬರುವ ಟಿಕೆಟ್ ಶನಿವಾರ ರಾತ್ರಿಗೆ ಮಾಡಿ.